ಹುಣಸೆಹಣ್ಣು ಹಚ್ಚಿದ ಕಾರು

ಚೆನ್ನೈನ ವೆಸ್ಟ್ ಮಾಂಬಲಂನ ಆ ಮನೆಯಲ್ಲಿ ಬೆಳಗಿನ ಮೊದಲ ಸ್ನಾನ ಮುರಳೀಧರ ರಾಯರದಲ್ಲ, ಅವರ ಕಾರಿನದು. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಾಯಲ್ಲಿ ಸ್ತೋತ್ರ, ಕೈಯಲ್ಲಿ ನೀರಿನ ಪೈಪು ಹಿಡಿದು ಅವರು ಆ ಬಿಳಿ ಕಾರಿಗೆ ಪ್ರದಕ್ಷಿಣೆ ಬರುತ್ತಿದ್ದರು. ಒರೆಸುವ ಬಟ್ಟೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ವಾಚ್‌ಮನ್ ಒಮ್ಮೆ ಸಲಿಗೆಯಿಂದ ಬಾನೆಟ್ಟಿನ ಮೇಲೆ ಕೈಯೂರಿ ನಿಂತದ್ದಕ್ಕೆ ಇಡೀ ಕಾರನ್ನು ಮತ್ತೆ ತೊಳೆದರು. "ಧೂಳು ಪಾ, ಧೂಳು" ಎಂದು ಕೇಳಿದವರಿಗೆ ಹೇಳಿದರು. ಹೆಂಡತಿ ವೆಂಕಟಲಕ್ಷ್ಮಿ ಕೇಳಲಿಲ್ಲ. ಅದು ಧೂಳಲ್ಲ, ಮಡಿ ಎಂದು ಅವರಿಗೆ ಗೊತ್ತಿತ್ತು.

ರಾಯರು ವಿಮಾ ಕಂಪನಿಯಲ್ಲಿದ್ದು ನಿವೃತ್ತರಾದವರು. ಇನ್ನೊಬ್ಬರಿಗೆ ಆದ ನಷ್ಟವನ್ನು ಒಪ್ಪದಿರುವುದೇ ಅಲ್ಲಿ ಅವರ ಕೆಲಸವಾಗಿತ್ತು. ತಮ್ಮಿಂದ ಆದ ತಪ್ಪನ್ನು ಒಪ್ಪುವ ಅಭ್ಯಾಸ ಮನೆಯಲ್ಲೂ ಬೆಳೆಯಲಿಲ್ಲ.

ಇಷ್ಟು ಮಡಿಯಲ್ಲಿದ್ದ ಕಾರಿನ ಮೈಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಬಣ್ಣದ ಚುಕ್ಕೆಗಳು ಎದ್ದವು. ತೊಳೆದರೆ ಹೋಗಲಿಲ್ಲ. ಕೈಯಾಡಿಸಿದರೆ ರವೆ ಚೆಲ್ಲಿದ ಹಾಗೆ ತರಿತರಿ.

"ಏನ್ರೀ, ನಿಮ್ಮ ಕಾರಿಗೆ ಅಮ್ಮ ಬಂದಿದೆಯಾ? ಬೇವಿನಸೊಪ್ಪು ಕಟ್ಟಿಬಿಡಿ" ಎಂದರು ವೆಂಕಟಲಕ್ಷ್ಮಿ.

ರಾಯರು ಅನುಮಾನಿಸಿದ್ದು ಮೇಲಿನ ಮನೆಯವರ ಹೂಕುಂಡದ ಕೆಮ್ಮಣ್ಣನ್ನು. ಆಮೇಲೆ ಎದುರು ಮನೆಯವರ ವತ್ತಕುಳಂಬು ಎಂಬ ಹುಳಿಯ ಒಗ್ಗರಣೆಯನ್ನು. ಕಾಂಪೌಂಡಿನ ಆಚೆಗೇ ಎಲೆಕ್ಟ್ರಿಕ್ ಟ್ರೇನು ಬೆಳಗಿನಿಂದ ರಾತ್ರಿಯವರೆಗೆ ಕಿರುಗುಟ್ಟುತ್ತ ಓಡಾಡುತ್ತಿದ್ದರೂ ಆ ಕಡೆ ಅವರ ಅನುಮಾನ ಹೋಗಲಿಲ್ಲ. ರೈಲಿನ ಮೇಲೆ ದೂರು ಕೊಟ್ಟು ಜಗಳವಾಡಲು ಬರುವುದಿಲ್ಲವಲ್ಲ.

ಆ ಹೊತ್ತಿಗೇ ಮಠದ ಸ್ವಾಮಿಗಳು ಚೆನ್ನೈಗೆ ದಯಮಾಡಿಸುವ ಸುದ್ದಿ ಬಂತು. ಪೋರೂರಿನ ಭಕ್ತರೊಬ್ಬರ ಮನೆಯಲ್ಲಿ ಪಾದಪೂಜೆ. ಅಲ್ಲಿಗೆ ಅವರನ್ನು ಕರೆದೊಯ್ಯಲು ಯಾರಾದರೂ ಶಿಷ್ಯರ ಕಾರು ಬೇಕಾಗಿತ್ತು. ರಾಯರಿಗೆ ಅಂದಿನಿಂದ ನಿದ್ದೆ ಹಾರಿಹೋಯಿತು. ಕಾರಣ ಭಕ್ತಿ ಎಂದುಕೊಂಡರೆ ತಪ್ಪು. ಕಾರಣ ಸುಜಯೀಂದ್ರ. ಕೋಡಂಬಾಕ್ಕಂನಲ್ಲಿದ್ದ ಈ ಹಳೆಯ ಸಹೋದ್ಯೋಗಿಯ ಕಪ್ಪು ಕಾರಿನಲ್ಲಿ ಹಿಂದೊಮ್ಮೆ ಸ್ವಾಮಿಗಳು ಕೂತಿದ್ದರು. ಅವರು ಕೂತ ಜಾಗಕ್ಕೆ ಅವನು ಪ್ಲಾಸ್ಟಿಕ್ ಹೊದಿಸಿ, ಮಂಡಿನೋವಿನ ಅತ್ತೆಯನ್ನೂ ಅಲ್ಲಿ ಕೂರಿಸದೆ, ಮದುವೆ ಮುಂಜಿಗೆ ಹೋದಲ್ಲೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದ. ಈ ಸಲ ಆ ಭಾಗ್ಯ ತಮ್ಮ ಕಾರಿಗೆ ಸಿಗದಿದ್ದರೆ ಮುಂದಿನ ಮುಂಜಿಗೆ ಹೋಗುವುದು ಹೇಗೆ ಎಂಬುದೇ ರಾಯರ ಚಿಂತೆ.

ಮೊದಲು ಸೀಟಿನ ಹೊದಿಕೆ ಕೀಳಿಸಿದರು. ಸ್ವಾಮಿಗಳಿಗೆ ಚರ್ಮ ಆಗದು. ಅದು ಬರೀ ರೆಕ್ಸಿನ್ ಎಂದು ಅಂಗಡಿಯವನು ಹೇಳಿದರೂ ಕೇಳದೆ ಹತ್ತಿ ಬಟ್ಟೆ ಹಾಕಿಸಿದರು. ಆಮೇಲೆ ಚುಕ್ಕೆಗಳ ಸರದಿ. ದೇವರ ಹಿತ್ತಾಳೆ ಪಾತ್ರೆಯನ್ನು ಅವರ ತಾಯಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದುದು, ಅದು ಬಂಗಾರದಂತೆ ಹೊಳೆಯುತ್ತಿದ್ದುದು ನೆನಪಾಯಿತು. ದೇವರಿಗೆ ಆದದ್ದು ಕಾರಿಗೆ ಆಗದೇ? ಡಿಕ್ಕಿಯ ಮೇಲೆ ಹುಣಸೆಹಣ್ಣು ಹಚ್ಚಿ, ನಾರಿನ ಸಮೇತ ಬಲವಾಗಿ ತಿಕ್ಕಿದರು. ಮೇಲೊಂದು ಕೈ ವ್ಯಾಕ್ಸ್ ಬಳಿದರು. ಪಾರ್ಕಿಂಗಿನ ಕತ್ತಲಲ್ಲಿ ಅದು ನಿಜಕ್ಕೂ ಹೊಳೆಯಿತು. ಬಿಸಿಲಿಗೆ ತಂದಾಗ ಜೇಡ ಬಲೆ ನೇಯ್ದಂತೆ ಸುತ್ತು ಸುತ್ತು ಗೀರುಗಳು. ಮುಂದಿನ ವಾರ ಅದೇ ಜಾಗದಲ್ಲಿ, ವ್ಯಾಕ್ಸಿನ ಕೆಳಗಿನಿಂದಲೇ ಚುಕ್ಕೆಗಳು ಮತ್ತೆ ಕೆಂಪಗೆ ಇಣುಕಿದವು.

ಮಗಳು ವೃಂದಾ ಒರಗಡಂ ಕಡೆಯ ಒಂದು ಕಾರು ಕಾರ್ಖಾನೆಯಲ್ಲಿ, ಹೊಸ ಕಾರುಗಳ ಬಣ್ಣದಲ್ಲಿ ಹುಳುಕು ಹುಡುಕುವ ಇಂಜಿನಿಯರ್. ಅವಳ ಕೆಲಸವನ್ನು ರಾಯರು ನೆಂಟರಿಗೆ 'ಕ್ವಾಲಿಟಿ' ಎಂದಷ್ಟೇ ಹೇಳುತ್ತಿದ್ದರು. ಬಣ್ಣ ಎಂದರೆ ಪೇಂಟರ್ ಎಂದುಕೊಂಡಾರು ಎಂಬ ಭಯ. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವುದು ಚಿಕ್ಕಂದಿನಿಂದ ಬಂದ ರೂಢಿ.

ಡಿಕ್ಕಿಯನ್ನು ನೋಡಿ ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಪ್ಪಾ! ಎನ್ನ ಪಣ್ಣೀಂಗ?"

"ಏನು ಮಾಡಿದೆ ಅಂದರೆ? ಕ್ಲೀನ್ ಮಾಡಿದೆ."

ಅವಳು ಸಮಾಧಾನವಾಗಿಯೇ ವಿವರಿಸಿದಳು. ರೈಲಿನ ಚಕ್ರವೂ ಹಳಿಯೂ ಉಜ್ಜಿದಾಗ ಕಬ್ಬಿಣದ ಕಣಗಳು ಬಿಸಿಬಿಸಿಯಾಗಿ ಹಾರಿ ಬಂದು ಬಣ್ಣದೊಳಗೆ ನಾಟಿಕೊಳ್ಳುತ್ತವೆ. ಕಡಲ ಗಾಳಿಗೆ ಅವು ತುಕ್ಕು ಹಿಡಿಯುತ್ತವೆ. ತೊಳೆದರೆ ಹೋಗುವಂಥದ್ದಲ್ಲ. ಅವನ್ನು ಒಳಗಿಟ್ಟುಕೊಂಡೇ ಪಾಲಿಶ್ ಮಾಡಿದರೆ ಕಬ್ಬಿಣದ ಪುಡಿಯಿಂದಲೇ ಕಾರನ್ನು ಕೆರೆದಂತೆ. ಮೊದಲು ಕಬ್ಬಿಣ ಕರಗಿಸುವ ದ್ರವ ಸಿಂಪಡಿಸಬೇಕು, ಅದು ಒಣಗುವ ಮೊದಲೇ ತೊಳೆಯಬೇಕು, ಉಳಿದ ಕಸರನ್ನು ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆಯಿಂದ ಸೋಪುನೀರಿನಲ್ಲಿ ನೇವರಿಸಿ ಎತ್ತಬೇಕು. ಪಾಲಿಶ್, ವ್ಯಾಕ್ಸ್ ಎಲ್ಲ ಆಮೇಲಿನ ಮಾತು.

ಅವಳು ತಂದ ಬಾಟಲಿಯ ಮುಚ್ಚಳ ತೆಗೆದು ಮೂಸಿದ ರಾಯರು ಹಿಂದಕ್ಕೆ ಹಾರಿದರು. "ಥೂ! ಬೆಳ್ಳುಳ್ಳಿ! ಸ್ವಾಮಿಗಳು ಕೂರುವ ಕಾರಿಗೆ ಬೆಳ್ಳುಳ್ಳಿ ನಾತವೇ?"

"ಪೂಂಡು ಇಲ್ಲೆಪ್ಪಾ, ಕೆಮಿಕಲ್" ಎಂದಳು ವೃಂದಾ. "ಕಳುವಿನಾ ಪೋಯಿಡುಂ."

"ತೊಳೆದರೆ ಹೋಗುತ್ತಂತೆ! ಬೆಳ್ಳುಳ್ಳಿ ಅಲ್ಲದಿದ್ದರೆ ಕೊಳೆತ ಮೊಟ್ಟೆ. ಥೇಟ್ ಅದೇ ವಾಸನೆ."

"ಮೊಟ್ಟೆ ವಾಸನೆ ನಿಮಗೆ ಹೇಗೆ ಗೊತ್ತು?" ಎಂದು ಅಡುಗೆಮನೆಯಿಂದ ವೆಂಕಟಲಕ್ಷ್ಮಿ ಕೇಳಿದರು.

ರಾಯರು ಅವಸರದಿಂದ ಬಾಟಲಿಗೆ ಮುಚ್ಚಳ ಹಾಕಿದರು. ಭಾನುವಾರ ಕಾರನ್ನು ಮಗಳ ಕೈಗೆ ಒಪ್ಪಿಸಲು ಒಪ್ಪಿದರು.

ಭಾನುವಾರ ನೆರಳಿನಲ್ಲಿ ಕಾರು ನಿಲ್ಲಿಸಿ ವೃಂದಾ ಬಾನೆಟ್ಟಿನಿಂದ ಶುರುಮಾಡಿದಳು. ಒಂದೊಂದೇ ಭಾಗ, ಸಿಂಪಡಿಸುವುದು, ಕಾಯುವುದು, ತೊಳೆಯುವುದು, ಮುದ್ದೆಯಿಂದ ನೇವರಿಸುವುದು, ಕೊನೆಗೆ ಪಾಲಿಶ್ ಮಾಡಿ ವ್ಯಾಕ್ಸ್ ಹಚ್ಚುವುದು. ದ್ರವ ತಾಗಿದಲ್ಲೆಲ್ಲ ಚುಕ್ಕೆಗಳು ನೇರಳೆಹಣ್ಣು ಹಿಸುಕಿದಂತೆ ಬಣ್ಣ ಬಿಟ್ಟವು. ಬಾನೆಟ್ಟು ಮುಗಿದಾಗ ಅದರ ಮೇಲೆ ರಾಯರು ಕೈಯಾಡಿಸಿದರು. ಗಾಜಿನ ಹಾಗೆ ಜಾರಿತು. "ಪರವಾಗಿಲ್ಲ" ಎಂದರು. ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಅದು.

ಮುಂದಿನ ಬಾಗಿಲುಗಳಿಂದ ನೇರಳೆ ನೀರು ದಳದಳ ಇಳಿಯುತ್ತಿದ್ದಾಗಲೇ ಗೇಟು ತೆರೆಯಿತು. ಕಂಕುಳಲ್ಲಿ ಒಂದು ಮರದ ಮಣೆ ಹಿಡಿದುಕೊಂಡು ಮಠದ ವ್ಯವಸ್ಥೆ ನೋಡಿಕೊಳ್ಳುವ ತಿರುಮಲಾಚಾರ್ಯರು ಬಂದರು. ಬಿಳಿ ಕಾರು, ರಕ್ತದಂತೆ ಕಾಣುವ ನೇರಳೆಗೆಂಪು ನೀರು, ಮೇಲಿಂದ ಆ ನಾತ. ಅವರು ಶಲ್ಯದಿಂದ ಮೂಗು ಮುಚ್ಚಿಕೊಂಡರು.

"ಏನು ರಾಯರೇ ಇದು? ಯಾವುದಾದರೂ ಪ್ರಾಣಿಗೆ ಗುದ್ದಿದಿರೇ?"

ರಾಯರ ಕಣ್ಣಮುಂದೆ ಸುಜಯೀಂದ್ರನ ಪ್ಲಾಸ್ಟಿಕ್ ಹೊದಿಸಿದ ಸೀಟು ಬಂದು ನಿಂತಿತು. ನಾಲಿಗೆ ತಾನಾಗಿ ಹೊರಳಿತು.

"ಛೆ ಛೆ, ನಾನಲ್ಲ ಆಚಾರ್ರೇ. ಇವಳು. ಬೇಡ ಬೇಡ ಅಂತ ಬಡಕೊಂಡೆ, ಕೇಳಲಿಲ್ಲ. ಯಾವುದೋ ಆ್ಯಸಿಡ್ ಸುರಿದು ಕಾರನ್ನೇ ಕೆಡಿಸಿಟ್ಟಳು. ಈಗಿನ ಮಕ್ಕಳು, ನಿಮಗೆ ಗೊತ್ತೇ ಇದೆಯಲ್ಲ."

ವೃಂದಾ ಅಪ್ಪನನ್ನೊಮ್ಮೆ ನೋಡಿದಳು. ದ್ರವ ಒಣಗಲು ಬಿಡಬಾರದೆಂದು ಎರಡೂ ಬಾಗಿಲುಗಳನ್ನು ಪೂರ್ತಿ ತೊಳೆದು ಕೆಲಸ ಮುಗಿಸಿದಳು. ಬಾಟಲಿಗೆ ಮುಚ್ಚಳ ಹಾಕಿದಳು. ಅಪರೂಪಕ್ಕೆ ಕನ್ನಡದಲ್ಲಿ, "ಮಿಕ್ಕಿದ್ದು ನೀವೇ ಮಾಡ್ಕೊಳ್ಳಿ" ಎಂದು ಹೇಳಿ ಮೇಲೆ ಹೋದಳು.

ಆಚಾರ್ಯರು ಬಣ್ಣದ ಕಡೆ ಮತ್ತೆ ತಿರುಗಿಯೂ ನೋಡಲಿಲ್ಲ. "ಬಣ್ಣ ಯಾರಿಗೆ ಬೇಕು ರಾಯರೇ? ಸ್ವಾಮಿಗಳ ಮಣೆ ಸೀಟಿನ ಮೇಲೆ ಕೂರುತ್ತೋ ಇಲ್ಲವೋ ನೋಡಲು ಬಂದೆ. ಸುಜಯೀಂದ್ರನ ಗಾಡಿಯಲ್ಲಿ ಅದು ವಾಲುತ್ತೆ. ಹೋದ ಸಲ ಪಾಪ, ಸ್ವಾಮಿಗಳು ದಾರಿಯುದ್ದಕ್ಕೂ ಕಿಟಕಿ ಕಡೆಗೇ ಜಾರುತ್ತಿದ್ದರು."

ಮಣೆ ಇಟ್ಟರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಆಯ್ತು, ನಾಳೆ ಬೆಳಗ್ಗೆ ಮಠಕ್ಕೆ ಗಾಡಿ ತನ್ನಿ" ಎಂದು ಹೇಳಿ ಅವರು ಹೊರಟರು. ಒಂದು ಸುಳ್ಳು ದಂಡವಾಯಿತು. ರಾಯರಿಗೆ ಬೇಸರವಾದದ್ದು ಸುಳ್ಳು ಹೇಳಿದ್ದಕ್ಕಲ್ಲ, ಕಾರು ಅರ್ಧಕ್ಕೆ ನಿಂತದ್ದಕ್ಕೆ. ಮುಂದಿನರ್ಧ ಕನ್ನಡಿ, ಹಿಂದಿನರ್ಧ ಸಿಡುಬು.

ಮೇಲೆ ಹೋಗಿ ಮಗಳ ಕೋಣೆಯ ಬಾಗಿಲಲ್ಲಿ ನಿಂತರು. "ಆಚಾರ್ಯರ ಎದುರಿಗೆ ಏನೋ ಒಂದು ಮಾತು ಬಂದುಬಿಡ್ತಮ್ಮ."

"ಅವರಿಗೇ ಫೋನ್ ಮಾಡಿ ಇನ್ನೊಂದು ಮಾತು ಹೇಳಿಬಿಡಿ. ನಾನು ಕೆಡಿಸಿಲ್ಲ, ನಿಮ್ಮ ಒಪ್ಪಿಗೆ ಮೇಲೇ ಕ್ಲೀನ್ ಮಾಡ್ತಿದ್ದೆ ಅಂತ. ಈಗಲೇ ಇಳಿದು ಬರ್ತೀನಿ."

ರಾಯರು ಫೋನು ಕೈಗೆತ್ತಿಕೊಂಡರು. ಕಿವಿಗಿಟ್ಟರು. ಬಾಲ್ಕನಿಗೆ ಹೋಗಿ ಬಂದರು. "ಸಿಗ್ನಲ್ ಇಲ್ಲ" ಎಂದರು.

"ನನ್ನ ಫೋನಿನಲ್ಲಿ ಇದೆ, ಕೊಡಲಾ?" ಎಂದರು ವೆಂಕಟಲಕ್ಷ್ಮಿ.

ರಾಯರು ಹುಣಸೆಹಣ್ಣಿನ ಡಬ್ಬಿ ಎತ್ತಿಕೊಂಡು ಕೆಳಗಿಳಿದರು. ಒಂದು ಫೋನು ಮಾಡುವುದಕ್ಕಿಂತ ಹಿಂದಿನ ಎರಡು ಬಾಗಿಲು ತಿಕ್ಕುವುದು ಅವರಿಗೆ ಹಗುರವೆನಿಸಿತು.

ಮರುದಿನ ಮಠದ ಮುಂದೆ ಇನ್ನೊಂದು ಸಂಗತಿ ತಿಳಿಯಿತು. ಸ್ವಾಮಿಗಳ ಕಾರನ್ನು ಮಡಿಯಲ್ಲಿರುವ ಮಠದ ಶಿಷ್ಯನೇ ಓಡಿಸಬೇಕು. ಹೊಸ ರೇಷ್ಮೆ ಪಂಚೆಯುಟ್ಟು ಬಂದಿದ್ದ ರಾಯರ ಕೈಯಿಂದ ಆಚಾರ್ಯರು ಬೀಗದ ಕೈ ತೆಗೆದುಕೊಂಡು, "ನೀವು ಹಿಂದೆ ಹೇಗಾದರೂ ಬನ್ನಿ" ಎಂದರು. ಕಾರು ಕಣ್ಣೆದುರೇ ಹೊರಟುಹೋಯಿತು. ಸ್ವಾಮಿಗಳು ಕೂತದ್ದನ್ನು ಕೂಡ ರಾಯರು ಸರಿಯಾಗಿ ನೋಡಲಿಲ್ಲ. ಹಿಂದಿನ ಬಾಗಿಲಿನ ಗೀರುಗಳಿಗೆ ಅಡ್ಡವಾಗಿ ನಿಲ್ಲುವ ಗಡಿಬಿಡಿಯಲ್ಲಿದ್ದರು.

ಅಮ್ಮ ಮಗಳು ಸ್ಕೂಟರಿನಲ್ಲಿ ಹೊರಟಿದ್ದರು. ರಾಯರು ಆಟೋ ಹಿಡಿದರು. ಅವರು ಪೋರೂರು ಮುಟ್ಟುವಾಗ ಪಾದಪೂಜೆ ಮುಕ್ಕಾಲು ಮುಗಿದಿತ್ತು. ಬಿಸಿಲಿನಲ್ಲಿ ನಿಂತ ಬಿಳಿ ಕಾರಿನ ಸುತ್ತ ಸುಜಯೀಂದ್ರ ಸುತ್ತು ಹಾಕುತ್ತಿದ್ದ.

"ಲೋ ಮುರಳಿ, ಈ ಬಾನೆಟ್ಟು ನೋಡೋ! ಮುಖ ಕಾಣಿಸುತ್ತೆ. ಯಾರ ಹತ್ತಿರ ಮಾಡಿಸಿದೆ?"

ವರ್ಷಗಟ್ಟಲೆ ಕಾದ ಗಳಿಗೆ ಅದು. ರಾಯರು ಎದೆ ಉಬ್ಬಿಸಿದರು. "ಮಾಡಿಸುವುದೇನು ಬಂತು, ನಾನೇ ಮಾಡಿದೆ. ರೈಲಿನ ಕಬ್ಬಿಣದ ಕಣ ಕಣೋ, ಬಣ್ಣದೊಳಗೆ ನಾಟಿಕೊಳ್ಳುತ್ತೆ. ಅದನ್ನ ಕರಗಿಸಿ ತೆಗೆದ ಮೇಲೇ ಪಾಲಿಶ್. ನಿಮಗೆಲ್ಲ ಇದು ಗೊತ್ತಾಗಲ್ಲ."

"ಅದು ಸರಿ, ಹಿಂದೆ ಯಾಕೆ ಬೆಕ್ಕು ಪರಚಿದ ಹಾಗಿದೆ?"

"ಅದು ಮಗಳು ಮಾಡಿದ್ದು. ಬೇಡ ಅಂದರೂ ಕೇಳಲಿಲ್ಲ."

ಹೂವಿನ ಬುಟ್ಟಿ ಹಿಡಿದು ವೃಂದಾ ಅವರ ಬೆನ್ನ ಹಿಂದೆಯೇ ನಿಂತಿದ್ದಳು, ಪಕ್ಕದಲ್ಲಿ ವೆಂಕಟಲಕ್ಷ್ಮಿ. ಸುಜಯೀಂದ್ರ ರಾಯರ ಎರಡೂ ಕೈ ಹಿಡಿದುಕೊಂಡ. "ಹಾಗಾದರೆ ಈ ಭಾನುವಾರ ನನ್ನ ಕಾರು ತರುತ್ತೀನಪ್ಪ. ಅಂಗಡಿಯವರನ್ನು ನಂಬಲ್ಲ. ನೀನೇ ಮಾಡಿಕೊಡಬೇಕು. ಕಪ್ಪು ಬಣ್ಣ, ಒಂದು ಗೀರು ಬಿದ್ದರೂ ಎದ್ದು ಕಾಣುತ್ತೆ."

ರಾಯರು ಮಗಳ ಕಡೆ ತಿರುಗಿದರು. ಅವಳು ಬುಟ್ಟಿಯಲ್ಲಿನ ಹೂವನ್ನು ಬಹಳ ಶ್ರದ್ಧೆಯಿಂದ ಬಿಡಿಸುತ್ತಿದ್ದಳು.

"ಧಾರಾಳವಾಗಿ ತನ್ನಿ ಸುಜಯೀಂದ್ರ ಅವರೇ" ಎಂದರು ವೆಂಕಟಲಕ್ಷ್ಮಿ. "ಇವಳಿಗೆ ಭಾನುವಾರ ಬೇರೆ ಕೆಲಸ ಇದೆ. ಇವರೊಬ್ಬರೇ ಇರ್ತಾರೆ, ಅಡ್ಡಿ ಮಾಡೋರು ಯಾರೂ ಇಲ್ಲ."