ಒಂಬತ್ತು ವರ್ಷ ಮೊದಲೇ ಮುದುಕರಾದ ಮಚ್ಚೇಂದ್ರ

ಬೆಳಗಿನ ಐದೂವರೆ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವ ರಸ್ತೆಯ ಅಂಚಿನಲ್ಲಿ ಮಚ್ಚೇಂದ್ರ ಅವರು ಕುಕ್ಕರಗಾಲಲ್ಲಿ ಕುಳಿತು ಬುಟ್ಟಿಗೆ ಖಡಿ, ಅಂದರೆ ಜಲ್ಲಿಕಲ್ಲು, ತುಂಬುತ್ತಿದ್ದಾರೆ. ತುಂಬಿದ ಬುಟ್ಟಿಯನ್ನು ಎದೆಗೆ ಆನಿಸಿಕೊಂಡು, ಬೆನ್ನು ಬಗ್ಗಿಸದೆ, ತೊಡೆಯ ಬಲದಿಂದಲೇ ಮೇಲೇಳುತ್ತಾರೆ. ಹತ್ತು ಹೆಜ್ಜೆ ನಡೆದು ಗುಂಡಿಗೆ ಸುರಿಯುತ್ತಾರೆ, ಮತ್ತೆ ಬಂದು ಕೂರುತ್ತಾರೆ. ನಾನು ನೋಡುತ್ತ ನಿಂತ ಅರ್ಧ ಗಂಟೆಯಲ್ಲಿ ಮೂವತ್ತೊಂದು ಬುಟ್ಟಿ ಆಯಿತು. ಸುಮ್ಮನೆ ನಿಂತಿದ್ದ ನನಗೇ ಸೊಂಟ ನೋಯುತ್ತಿತ್ತು.

ಇವರು ರಸ್ತೆ ರಿಪೇರಿಯ ಗ್ಯಾಂಗಿನ ಕೆಲಸಗಾರರು. ಈ ವರ್ಷ, 1986ರ ಮೇ ಮೂವತ್ತೊಂದಕ್ಕೆ ನಿವೃತ್ತರಾಗಬೇಕಂತೆ. ಕಚೇರಿಯ ಲೆಕ್ಕದಲ್ಲಿ ಇವರಿಗೆ ಐವತ್ತೆಂಟು ತುಂಬುತ್ತದೆ. ನಿಜವಾಗಿ ತುಂಬಿರುವುದು ನಲವತ್ತೊಂಬತ್ತು.

ನನ್ನನ್ನು ಇಲ್ಲಿಗೆ ಕಳಿಸಿದ್ದು ಬೇರೆಯೇ ಕಾರಣಕ್ಕೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಏಕೆಂದರೆ ತಪ್ಪಿನಲ್ಲಿ ನಮ್ಮ ಪತ್ರಿಕೆಯ ಪಾಲೂ ಇದೆ. ಕಳೆದ ತಿಂಗಳು ಹುಮನಾಬಾದಿನಲ್ಲಿ ಆರೋಗ್ಯ ಶಿಬಿರ ನಡೆಯಿತು. ಹೊರಗಿನಿಂದ ಬಂದ ಡಾಕ್ಟರು ‘ನಲವತ್ತರ ನಂತರ ಗಟ್ಟಿಯಾಗಿರುವುದು ಹೇಗೆ’ ಎಂದು ಭಾಷಣ ಮಾಡಿದರು. ಬೆಳಿಗ್ಗೆ ಎದ್ದು ನಡೆಯಿರಿ, ಎಣ್ಣೆ ಕಡಿಮೆ ಮಾಡಿ, ಬೀಡಿ ಸಿಗರೇಟು ಬಿಡಿ, ಹೊತ್ತಿಗೆ ಸರಿಯಾಗಿ ಮಲಗಿ. ಮುಂದೆ ಕುಳಿತವರು ಅಂಗಡಿಕಾರರು, ಅಧಿಕಾರಿಗಳು. ಅವರಿಗೆಲ್ಲ ಇದು ಹೊಸ ಸುದ್ದಿ. ಪೆಂಡಾಲಿನ ಮುಂದಿನ ಗುಂಡಿ ಮುಚ್ಚಲು ಬಂದಿದ್ದ ಮಚ್ಚೇಂದ್ರ ಹಿಂದೆ ನಿಂತಿದ್ದರು. ಯಾರೋ ತಮಾಷೆಗೆ ಅವರನ್ನು ಮುಂದೆ ತಳ್ಳಿದರು. ಡಾಕ್ಟರು ರಟ್ಟೆಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರೆ, ನೂರಿಪ್ಪತ್ತು, ಎಂಬತ್ತು. ಅಂದು ಬೆಳಗಿನಿಂದ ನೋಡಿದವರಲ್ಲೇ ಅತ್ಯುತ್ತಮ.

“ವಯಸ್ಸೆಷ್ಟು?” ಎಂದು ಡಾಕ್ಟರು ಕೇಳಿದರು. ಮಚ್ಚೇಂದ್ರ ಬಾಯಿ ತೆರೆಯುವ ಮೊದಲೇ ಅವರ ಕಚೇರಿಯ ಸಾಹೇಬರು ಕುರ್ಚಿಯಿಂದಲೇ ಕೂಗಿದರು: “ಐವತ್ತೆಂಟು ಸಾರ್! ಮುಂದಿನ ತಿಂಗಳು ರಿಟೈರ್ ಆಗ್ತಾನೆ.”

ಜನ ಚಪ್ಪಾಳೆ ತಟ್ಟಿದರು. “ನೋಡಿ, ಐವತ್ತೆಂಟರ ಯುವಕ!” ಎಂದು ಡಾಕ್ಟರು ಬೆನ್ನು ತಟ್ಟಿದರು. ಫೋಟೋ ತೆಗೆದದ್ದೂ ಆಯಿತು, ಅದು ನಮ್ಮ ಪತ್ರಿಕೆಯಲ್ಲಿ ಬಂದದ್ದೂ ಆಯಿತು. ಆ ಯುವಕನ ಗುಟ್ಟೇನೆಂದು ಬರೆದು ತರಲು ನನ್ನನ್ನು ಕಳಿಸಿದರು. ತಮ್ಮ ನೌಕರಿ ಮುಗಿಯಿತೆಂದು ಮಚ್ಚೇಂದ್ರ ಅವರಿಗೆ ಗೊತ್ತಾದದ್ದು ಆ ಚಪ್ಪಾಳೆಯ ನಡುವೆ.

“ನಾ ಅಲ್ಲೇ ಅನಬೇಕಂದೆ, ನನ್ನ ಉಮರ್ ಅಷ್ಟಿಲ್ರಿ ಅಂತ,” ಎನ್ನುತ್ತಾರೆ ಅವರು. “ಯಾರ ಕೇಳ್ತಾರ್ರಿ? ಎಲ್ಲಾರೂ ಖುಷಿಲಿಂದ ಚಪ್ಪಾಳಿ ಹೊಡ್ಯಾಕತ್ತಿದ್ರು.”

ಮಚ್ಚೇಂದ್ರ ಹುಟ್ಟಿದ್ದು ಹತ್ತಿರದ ಹುಡಗಿ ಎಂಬ ಊರಿನಲ್ಲಿ, ನಿಜಾಮರ ಕಾಲದಲ್ಲಿ. ಅಪ್ಪ ಅವ್ವ ಕಂಡವರ ಹೊಲದಲ್ಲಿ ದುಡಿಯುತ್ತಿದ್ದರು. ರಾಜ್ಯಗಳು ಹೊಸದಾಗಿ ಕೂಡಿ ನಾವು ಮೈಸೂರು ರಾಜ್ಯದವರಾದ ಮೇಲೆ, 1958ರಲ್ಲಿ, ಇವರು ದಿನಗೂಲಿಗೆ ರಸ್ತೆ ಕೆಲಸಕ್ಕೆ ಬಂದರು. ಹದಿನಾರು ವರ್ಷ ಹಾಗೇ ದುಡಿಸಿಕೊಂಡು 1974ರಲ್ಲಿ ಕಾಯಂ ಮಾಡಿದರು. ಇಂದಿಗೂ ಹುಡಗಿಯಿಂದ ನಡೆದು ಬರುತ್ತಾರೆ, ನಡೆದು ಹೋಗುತ್ತಾರೆ. ಕೆಲಸದ ನಡಿಗೆಯೂ ಸೇರಿದರೆ ದಿನಕ್ಕೆ ಹದಿನೆಂಟು ಕಿಲೋಮೀಟರಿಗೆ ಕಡಿಮೆಯಿಲ್ಲ. ಬುಟ್ಟಿಗಳು ಇನ್ನೂರು, ಇನ್ನೂರೈವತ್ತು. ಡಾಂಬರು ಕಾಯಿಸುವ ದಿನ ಮುಖದ ಮೇಲೆ ಬೆಂಕಿ, ಕಾಲ ಕೆಳಗೆ ಬೆಂಕಿ.

ಹಾಗಾದರೆ ದುಡಿಮೆಯೇ ಇವರನ್ನು ಗಟ್ಟಿ ಮಾಡಿದೆ ಎಂದು ಬರೆದುಬಿಡೋಣ ಎಂದುಕೊಂಡಿದ್ದೆ. ಹಾಗೆ ಬರೆಯುವುದು ನಮ್ಮಂಥವರಿಗೆ ಬಹಳ ಇಷ್ಟ, ಓದುವವರಿಗೂ ಹಿತ. ಮಚ್ಚೇಂದ್ರ ಅದಕ್ಕೆ ಅಲ್ಲೇ ತಣ್ಣೀರೆರಚಿದರು.

“ದುಡಿಮಿ ಗಟ್ಟಿ ಮಾಡೂದಿಲ್ರೀ, ತಿಂತದ. ಪಂಡರಿ ನನ್ನ ಜೋಡಿ ಇದ್ದಾಂವ. ನನಗಿಂತ ಜೋರು ಆಳು. ನಲವತ್ತೈದಕ್ಕ ನಡಾ ಬಿತ್ತು, ಹಾಸಿಗಿ ಹಿಡದ, ಹೋದ. ಅವನ್ನ ಮಣ್ಣ ಮಾಡಿ ಬಂದ ದಿನ ನನಗ ಹೆದರಿಕಿ ಆತ್ರಿ. ನನಗ ಆಗ ನಲವತ್ತು. ನೌಕರಿ ಐವತ್ತೆಂಟರ ಮಟಾ ಅದ. ಮೈನೂ ಅಲ್ಲೀ ಮಟಾ ಬರಬೇಕಲ್ರಿ?”

ಅಂದಿನಿಂದ ಮೈಯನ್ನು ಕಾಯ್ದುಕೊಳ್ಳುವುದೂ ಇವರಿಗೆ ಒಂದು ಕೆಲಸವಾಯಿತು. ಬೀಡಿ ಅವತ್ತೇ ಬಿಟ್ಟರು. ಬುಟ್ಟಿ ಎತ್ತುವ ಆ ಪಟ್ಟು ಯಾರೂ ಕಲಿಸಿದ್ದಲ್ಲ, ಪಂಡರಿಯ ಸೊಂಟ ಯಾಕೆ ಬಿತ್ತೆಂದು ಯೋಚಿಸಿ ಯೋಚಿಸಿ ತಾವೇ ಕಂಡುಕೊಂಡದ್ದು. ಹಾರೆ ಗುದ್ದಲಿ ಒಂದು ದಿನ ಎಡ ಹೆಗಲಿಗೆ, ಒಂದು ದಿನ ಬಲ ಹೆಗಲಿಗೆ. “ಎರಡೂ ಸಮಾ ಸವೀಬೇಕ್ರಿ” ಎನ್ನುತ್ತಾರೆ. ಎದ್ದ ಕೂಡಲೆ ಒಂದು ಚರಿಗೆ ನೀರು. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಉಂಡ ಮೇಲೆ ಬೇವಿನ ನೆರಳಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಲೇಬೇಕು. ಅದಕ್ಕಾಗಿ ಮೇಸ್ತ್ರಿಯಿಂದ ಬೈಸಿಕೊಂಡಿದ್ದಾರೆ, ಬಿಟ್ಟಿಲ್ಲ. ರಾತ್ರಿ ಊಟ ದೀಪ ಹಚ್ಚುವ ಮೊದಲೇ.

ಹೆಂಡತಿ ದ್ರೌಪತಿಯವರಿಗೆ ಇದೆಲ್ಲ ನಗೆಯ ವಿಷಯ. “ಮದಿವ್ಯಾದ ಹೊಸದಾಗ ಇಷ್ಟ್ ಕಾಳಜಿ ಇದ್ದಿಲ್ರಿ. ನಲವತ್ತ ದಾಟಿದ ಮ್ಯಾಲ ನೋಡ್ರಿ, ದಿನಾ ಸಂಜಿಗಿ ಬಿಸಿನೀರು, ಔಡಲೆಣ್ಣಿ. ಮೊಣಕಾಲಿಗಿ ತಿಕ್ಕೂದೇ ತಿಕ್ಕೂದು. ನನಗೂ ಬಿಟ್ಟಿಲ್ಲ, ‘ಕೂಡಬ್ಯಾಡ, ಕಾಲು ಆಡಿಸು’ ಅಂತ ಬೆನ್ನ ಹತ್ತತಾರ.” ನಗುತ್ತಲೇ ಹೇಳಿದವರು ತುಸು ಹೊತ್ತಿನ ಮೇಲೆ ದನಿ ತಗ್ಗಿಸಿದರು. “ಈಗ ಎಂಟ್ ದಿನ ಆತ್ರಿ, ಎಣ್ಣಿ ಮುಟ್ಟಿಲ್ಲ. ಯಾರ ಸಲುವಾಗಿ ಹಚ್ಚಲಿ ಅಂತಾರ.”

ಇನ್ನು ಒಂಬತ್ತು ವರ್ಷ ಎಲ್ಲಿ ಹೋದವು ಎಂಬ ಮಾತು. ಕಾಯಂ ಮಾಡುವಾಗ ಹುಟ್ಟಿದ ದಿನದ ಪುರಾವೆ ಬೇಕಿತ್ತು. ಮಚ್ಚೇಂದ್ರ ತಮ್ಮೂರಿನ ಪೊಲೀಸ್ ಪಾಟೀಲರ ಜನನ ದಫ್ತರದ ನಕಲು ತಂದುಕೊಟ್ಟರು. ಉರ್ದುವಿನಲ್ಲಿತ್ತು. ವರ್ಷ 1346 ಎಂದಿತ್ತು. ಆಗಿನ ಕಾರಕೂನರು ದೂರದ ಜಿಲ್ಲೆಯಿಂದ ಬಂದವರು. ಉರ್ದು ಕಾಗದ ಎಂದ ಮೇಲೆ ಮುಸಲ್ಮಾನರ ಹಿಜ್ರಿ ವರ್ಷವೇ ಇರಬೇಕೆಂದು ಪಂಚಾಂಗ ತಿರುವಿ 1928 ಎಂದು ಬರೆದರು. ತಿಂಗಳು ತಿಳಿಯಲಿಲ್ಲ, ಜೂನ್ ಒಂದು ಎಂದು ತುಂಬಿಸಿದರು. ಮಚ್ಚೇಂದ್ರ ಹೆಬ್ಬೆಟ್ಟು ಒತ್ತಿದರು. ಏನು ಬರೆದಿದೆ ಎಂದು ಓದಿ ಹೇಳುವ ಸೌಜನ್ಯ ಯಾರಿಗೂ ಇರಲಿಲ್ಲ.

ಆ ಕಾಗದವನ್ನು ನಾನು ಉರ್ದು ಶಾಲೆಯ ನಿವೃತ್ತ ಮಾಸ್ತರರಾದ ಮೊಹಿನುದ್ದೀನ್ ಅವರ ಹತ್ತಿರ ಒಯ್ದೆ. ಕನ್ನಡಕ ಏರಿಸಿ ನೋಡಿದರು, ಅರೆಗಳಿಗೆಯೂ ಹಿಡಿಯಲಿಲ್ಲ. “ಇದು ಹಿಜ್ರಿ ಅಲ್ರಿ, ಫಸಲಿ ಸಾಲು, ಕಂದಾಯದ ಲೆಕ್ಕದ ವರ್ಷ. ನಿಜಾಮರ ಸರ್ಕಾರದ ಕಾಗದ ಎಲ್ಲಾ ಫಸಲಿಯೊಳಗೇ ಇರ್ತಿದ್ವು. ತಿಂಗಳ ನೋಡ್ರಿ, ಖೂರ್ದಾದ್! ಹಿಜ್ರಿಯೊಳಗ ಮೊಹರಂ ಅದ, ರಂಜಾನ್ ಅದ. ಖೂರ್ದಾದ್ ಅನ್ನೂ ತಿಂಗಳು ಎಲ್ಲ್ಯದ? ನಮ್ಮ ಮನ್ಯಾಗಿನ ಹುಡುಗ್ರಿಗಿ ಕೇಳಿದ್ರೂ ಹೇಳ್ತಿದ್ರು.” ಫಸಲಿ ವರ್ಷಕ್ಕೆ ಐನೂರ ತೊಂಬತ್ತು ಕೂಡಿಸಿದರೆ 1936ರ ಅಕ್ಟೋಬರಿನಿಂದ ಶುರುವಾಗುವ ವರ್ಷ, ಖೂರ್ದಾದ್ ಎಂದರೆ ಅದರ ಮುಂದಿನ ಏಪ್ರಿಲ್ ಹೊತ್ತು. ಅಂದರೆ 1937. ಈ ಸೀಮೆಯ ಯಾವ ಮುದುಕರನ್ನು ಕೇಳಿದ್ದರೂ ಮುಗಿಯುತ್ತಿತ್ತು. ಕೇಳಲಿಲ್ಲ.

ಮಾಸ್ತರರು ಬರೆದುಕೊಟ್ಟ ಅರ್ಜಿ ಹಿಡಿದು ಮಚ್ಚೇಂದ್ರ ಅವರ ಜೊತೆ ಕಚೇರಿಗೆ ಹೋದೆ. 1928 ಎಂದು ಬರೆದವರು ಎಂದೋ ವರ್ಗವಾಗಿದ್ದಾರೆ. ಈಗಿನ ಕಾರಕೂನರು ನನಗೆ ಕುರ್ಚಿ ಹಾಕಿದರು, ಮಚ್ಚೇಂದ್ರ ಬಾಗಿಲಲ್ಲೇ ನಿಂತರು. “ತಪ್ಪಾಗಿರಬಹುದು ಸಾರ್, ನಾನಿಲ್ಲ ಅನ್ನಲ್ಲ. ಆದ್ರೆ ಐದು ವರ್ಷದೊಳಗೆ ಹೇಳ್ಬೇಕಿತ್ತು, ರೂಲ್ಸು. ಈಗೇನು, ಆರಾಮಾಗಿ ಮನೇಲಿರ್ಲಿ ಬಿಡಿ,” ಎಂದರು. ನಾನು ಬಿಡದೆ ವಾದಿಸಿದಾಗ ಕಡತದಿಂದ ಒಂದು ತುಣುಕು ತೆಗೆದು ಮುಂದಿಟ್ಟರು. ನಮ್ಮ ಪತ್ರಿಕೆಯದೇ! ‘ಐವತ್ತೆಂಟರ ಯುವಕ’, ಫೋಟೋ ಸಮೇತ. “ನೀವೇ ಹಾಕಿದೀರಲ್ಲ ಸಾರ್. ಇವನೂ ಅವತ್ತು ಇಲ್ಲ ಅನ್ನಲಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ನನ್ನ ಕೂಗಿಗೆ ಪಕ್ಕದ ಕೋಣೆಯವರೂ ಇಣುಕಿದರು. ಏನು ಪ್ರಯೋಜನ? ಕಾರಕೂನರು ಮಣಿಯಲಿಲ್ಲ. ಆದ್ದರಿಂದ ಇಲ್ಲಿಯೇ, ಅಚ್ಚಿನಲ್ಲಿಯೇ ಹೇಳುತ್ತೇನೆ: ನಾವು ಬರೆದದ್ದು ಸುಳ್ಳು. ಮಚ್ಚೇಂದ್ರ ಅವರಿಗೆ ನಲವತ್ತೊಂಬತ್ತು. ಕಡತದಲ್ಲಿ ಆ ತುಣುಕಿನ ಪಕ್ಕ ಇದನ್ನೂ ಲಗತ್ತಿಸಿಕೊಳ್ಳಿ. ನಲವತ್ತರ ನಂತರ ಮೈ ಕಾಯ್ದುಕೊಳ್ಳಿ ಎಂದು ಊರಿಗೆಲ್ಲ ಉಪದೇಶ ಮಾಡುತ್ತೀರಿ. ಕಾಯ್ದುಕೊಂಡವರಿಗೆ ನೀವು ಕೊಟ್ಟದ್ದು ಇದು!

ಮೂವತ್ತೊಂದಕ್ಕೆ ಕಚೇರಿಯಲ್ಲಿ ಹಾರ, ಶಾಲು ಇಟ್ಟಿದ್ದಾರಂತೆ, ಜವಾನ ಬಂದು ಹೇಳಿ ಹೋಗಿದ್ದಾನೆ. ಬಿಡುಗಡೆಯ ಕಾಗದಕ್ಕೆ ಹೆಬ್ಬೆಟ್ಟೂ ಬೇಕು. ಹೋಗುತ್ತೀರಾ ಎಂದು ಕೇಳಿದೆ. ಮಚ್ಚೇಂದ್ರ ಕೈಯ ಖಡಿ ಧೂಳು ಕೊಡವಿಕೊಂಡರು.

“ಹೋಗ್ತೇನ್ರಿ, ಯಾಕ ಹೋಗಬಾರದು? ಕರದಾರ, ಮರ್ಯಾದಿ ಅದ. ಆದ್ರ ಒಂದು ಸರ್ತಿ ಓದಿಸದ ಹೆಬ್ಬಟ್ಟು ಒತ್ತೀನಿ, ಈ ಸರ್ತಿ ಒತ್ತಂಗಿಲ್ಲ. ಸಾಹೇಬ್ರಿಗಿ ಅಂತೇನಿ: ಹಾರ ತಂದೀರಿ, ಛಲೋ ಆತು. ಒಂಬತ್ತು ವರ್ಷ ಲಗೂ ತಂದೀರಿ. ನನ್ನ ಖರೆ ಉಮರ್ ತುಂಬಿದ ದಿನ ಹೊಸಾದು ತರ್ರಿ. ಹುಡಗಿಲಿಂದ ನಡಕೊಂತ ಬಂದು ಹಾಕಿಸ್ಕೊಂತೀನಿ.”