ಬೆನ್ನಬೆನ್ನಿಗೆ ಎರಡು ರಿಂಗು

ನನ್ನ ಅಕ್ಕ ಫೋನಿನಲ್ಲಿ ಕರೆದಾಗ ನಾನು ತಿರುಗಿ ಫೋನು ಹಚ್ಚಲಿಲ್ಲ. ಮಾಡಬೇಕಾಗಿದ್ದುದು ಅದೊಂದೇ, ಅದನ್ನೂ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ನಾನು ಬಹಳ ಮಂದಿಯನ್ನು ಬೈಯುವವಳಿದ್ದೇನೆ, ಜೋರಾಗಿ ಬೈಯುವವರು ಕೇಳುವವರ ಕಣ್ಣಿಗೆ ಯಾವಾಗಲೂ ಪಾಪದವರಂತೆ ಕಾಣುತ್ತಾರೆ.

ನಮ್ಮದು ಸವಣೂರಿನಲ್ಲಿ ಸೇವು, ಖಾರದ ತಿನಿಸು ಮಾಡುವ ಮನೆ. ಮನೆಯವರು ಅಂಗಡಿಯಲ್ಲಿ ಕೂಡುತ್ತಾರೆ, ನಾನು ಒಲೆಯ ಮುಂದೆ ನಿಲ್ಲುತ್ತೇನೆ. ಇವತ್ತು ಮುಂಜಾನೆ ಕಡಾಯಿಯಲ್ಲಿ ಸೇವು ಬಿಟ್ಟು ಝಾರಿ ಹಿಡಿದು ನಿಂತಿದ್ದೆ. ಗೋಡೆಯ ಮಾಡದಲ್ಲಿಟ್ಟ ಫೋನು ಭಜನೆ ಹಾಡುತ್ತಿತ್ತು. ಭಜನೆಯ ನಡುವೆ ಕರೆ ಮಾಡುವ ಆ್ಯಪ್‌ ಒಂದರ ಜಾಹೀರಾತಿನ ಹುಡುಗಿ ನುಗ್ಗಿ, ಪರದೇಶದಲ್ಲಿರುವ ನಿಮ್ಮವರ ಜೊತೆ ಮನಸ್ಸು ತುಂಬ ಮಾತಾಡಿ, ಮೊದಲ ಕರೆ ಉಚಿತ ಎಂದಳು. ಎಣ್ಣೆಗೈಯಲ್ಲೇ ಫೋನು ಎತ್ತಿ ಅವಳ ಬಾಯಿ ಮುಚ್ಚಿಸಿದೆ. ಮನಸ್ಸು ತುಂಬ ಮಾತಾಡಬೇಕಂತೆ! ಇಂಥ ಆ್ಯಪ್‌ಗಳಲ್ಲಿ ಇಷ್ಟು ವರ್ಷ ನಾನು ಮಾತಾಡಿದ್ದಾದರೂ ಏನು? “ಕೇಳಾಕತ್ತೈತೇನ? ಯಕ್ಕಾ, ಈಗ ಕೇಳಾಕತ್ತೈತೇನ?” ಅಷ್ಟೇ.

ಅಕ್ಕ ಇರುವುದು ಮಸ್ಕತ್ತಿನಲ್ಲಿ, ಒಂದು ದೊಡ್ಡ ಮನೆಯ ಅಡಿಗೆಯವಳಾಗಿ. ನಾವಿಬ್ಬರೂ ಹತ್ತಿಮತ್ತೂರಿನಲ್ಲಿ ಶೇಂಗಾ ಹರಿಯುತ್ತ ಬೆಳೆದವರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅವಳು ಅದಕ್ಕೂ ಮುಂಚೆ ಬಿಟ್ಟಿದ್ದಳು, ನನ್ನನ್ನು ಎತ್ತಿ ಆಡಿಸಲಿಕ್ಕೆ. ಅವಳನ್ನು ರಟ್ಟೀಹಳ್ಳಿಗೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಹೆಂಗಸು, ಒಂದು ಟ್ರಂಕು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಮನೆ ಸಣ್ಣದು. ಹಿಂದಿನ ಕೋಣೆಯಲ್ಲಿ ಕಡಲೆಹಿಟ್ಟಿನ ಚೀಲಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಮುಂಜಾನೆ ಎದ್ದಾಗ ಹುಬ್ಬಿನ ಮೇಲೆಲ್ಲ ಹಿಟ್ಟು. “ನೋಡು, ನಿನ್ನ ಮನ್ಯಾಗ ಇದ್ದು ಮುದುಕಿ ಆದೆ” ಎಂದು ನಗುತ್ತಿದ್ದಳು. ಆಮೇಲೆ ನಮ್ಮೂರಿನ ಒಬ್ಬ ಹೆಂಗಸಿನ ಗುರುತಿನಿಂದ ಮಸ್ಕತ್ತಿನ ಕೆಲಸ ಗೊತ್ತಾಯಿತು. ಹೋಗಲೇನ ಎಂದು ನನ್ನನ್ನು ಕೇಳಿದಳು. ನಾನು ಹೋಗು ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಚೀಲ ಸರಿಸುತ್ತ ನಿಂತಿದ್ದೆ.

ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಅವಳು ನನ್ನ ರಟ್ಟೆ ಹಿಡಿದು ಹೇಳಿದ್ದು ಇಷ್ಟು: “ಲಕ್ಷ್ಯ ಇಟ್ಟ ಕೇಳು. ಒಂದ ರಿಂಗ್ ಆಗಿ ನಿಂತ್ರ ಅಕ್ಕ ಆರಾಮ ಅದಾಳ ಅಂತ ತಿಳಕೊ, ಎತ್ತಬ್ಯಾಡ. ಬೆನ್ನಬೆನ್ನಿಗೆ ಎರಡ ಸಲ ಬಂತಂದ್ರ ಮಾತ್ರ ಕೆಲಸ ಬಿಟ್ಟ ತಿರುಗಿ ಹಚ್ಚು. ಸುಮ್ಮಸುಮ್ಮನ ಎರಡ ಸಲ ನಾ ಕೊಡಾಂಗಿಲ್ಲ.”

ಈ ಮಿಸ್ ಕಾಲಿನ ಶಾಸ್ತ್ರವನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಸಂತೆಗೆ ಹೋದ ಗಂಡಸು ಮಿಸ್ ಕಾಲ್ ಕೊಟ್ಟನೆಂದರೆ ಅನ್ನಕ್ಕೆ ಇಡು ಎಂದರ್ಥ. ಹಾನಗಲ್ಲಿನ ನನ್ನ ನಾದಿನಿ ಬಸ್ಸು ಹತ್ತಿ ಒಂದು ಕೊಡುತ್ತಾಳೆ, ಇಳಿದು ಒಂದು ಕೊಡುತ್ತಾಳೆ. ನಡುವೆ ಬಸ್ಸು ಕೆಟ್ಟು ನಿಂತರೆ ಅದಕ್ಕೂ ಬೇರೆ ಲೆಕ್ಕವಿದೆ. ಅಕ್ಕನ ಒಂದು ರಿಂಗು ದಿನಾ ಸಂಜೆ ಬರುತ್ತಿತ್ತು. ಅದು ಬಂದ ಮೇಲೆ ನಾನು ಊಟಕ್ಕೆ ಕೂಡುತ್ತಿದ್ದೆ. ಒಂದು ಮಾತಿಲ್ಲದೆ ಅಷ್ಟು ದೂರದಿಂದ ಅಷ್ಟು ಹೇಳುವುದು ಆ ಕಾಲದಲ್ಲಿ ನಡೆಯುತ್ತಿತ್ತು.

ಆಮೇಲೆ ಬಂದವು ನೋಡಿ ಈ ಆ್ಯಪ್‌ಗಳು. ಈಗೇನ, ಎಲ್ಲಾ ಪುಕಟ ಐತಲ್ಲ, ದಿನಾ ಮಾತಾಡ್ತಿರಬೇಕು ಎಂದು ಮದುವೆ ಮನೆಗಳಲ್ಲಿ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮುಖ ನೋಡಿ ಪುಕಟ ಮಾತಾಡುವ ಆ್ಯಪ್‌ಗಳು ಅಕ್ಕ ಇರುವ ಕಡೆ ನಡೆಯುವುದಿಲ್ಲ, ಅಲ್ಲಿನ ಸರಕಾರ ತಡೆದಿದೆ. ಉಳಿದವು ಅಗ್ಗದವು. ಒಂದು ಆ್ಯಪ್‌ನಲ್ಲಿ ನಿಮಿಷದ ದರ ಕಡಿಮೆ, ಆದರೆ ಹಲೋ ಅನ್ನುವುದಕ್ಕೂ ಮುಂಚೆ ಜೋಡಣೆಯ ಹಣವೆಂದು ಒಂದಿಷ್ಟು ನುಂಗುತ್ತದೆ. ಇನ್ನೊಂದರಲ್ಲಿ ಹಾಕಿದ ಹಣ ತಿಂಗಳೊಳಗೆ ಮುಗಿಸದಿದ್ದರೆ ತಾನೇ ಮಾಯ. ಹಾಲು ಕೆಟ್ಟಂತೆ ಹಣ ಕೆಡುವುದನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ? ಮತ್ತೊಂದರಲ್ಲಿ ನಿಮಿಷದ ಮೇಲೆ ಎರಡು ಉಸಿರು ಹೆಚ್ಚಾದರೂ ಮುಂದಿನ ನಿಮಿಷ ಪೂರ್ತಿ ಕತ್ತರಿ. ಒಂದಂತೂ ಜಾಹೀರಾತು ನೋಡಿದರೆ ನಿಮಿಷ ಕೊಡುತ್ತಿತ್ತು. ಹಲ್ಲುಪುಡಿ, ಜೂಜಿನ ಆಟ, ಮೈ ಬೆಳ್ಳಗಾಗುವ ಮುಲಾಮು ಎಲ್ಲ ನೋಡುತ್ತ ನಿಂತು, ಒಂದು ಕಡಾಯಿ ಸೇವು ಕರ್ರಗೆ ಹೊತ್ತಿಸಿದೆ. ಅಂಗಡಿಯಿಂದ ಮನೆಯವರು ವಾಸನೆ ಹಿಡಿದು ಬಂದರು. “ಎಷ್ಟ ಗಳಿಸಿದಿ?” ಎಂದು ಕೇಳಿದರು. ನಾಲ್ಕು ನಿಮಿಷ ಎಂದೆ. ಅವರು ಹೊತ್ತಿದ ಸೇವನ್ನೂ ನೋಡಿದರು, ನನ್ನನ್ನೂ ನೋಡಿದರು, ಅಂಗಡಿಗೆ ಹೋದರು.

ಇಷ್ಟು ಬೈಯುತ್ತೇನಲ್ಲ, ಆಗ ನನಗೆ ಇದರ ಹುಚ್ಚು ಹಿಡಿದಿತ್ತು. ಯಾವುದು ಅಗ್ಗ, ಯಾವುದರಲ್ಲಿ ಧ್ವನಿ ಒಡೆಯುವುದಿಲ್ಲ, ಯಾವುದರಲ್ಲಿ ನಾವು ಆಡಿದ ಮಾತು ನಮಗೇ ತಿರುಗಿ ಬರುತ್ತದೆ, ಎಲ್ಲ ನನಗೆ ಬಾಯಿಪಾಠ. ನಮ್ಮ ಓಣಿಯಲ್ಲಿ ಗಂಡನನ್ನೋ ಮಗನನ್ನೋ ಕೊಲ್ಲಿ ದೇಶಗಳಿಗೆ ದುಡಿಯಲು ಕಳಿಸಿದ ಮನೆಗಳು ಬಹಳ. ಆ ಹೆಂಗಸರೆಲ್ಲ ಫೋನು ಹಿಡಿದುಕೊಂಡು ನನ್ನ ಒಲೆಯ ಮುಂದೆ ಬಂದು ಕೂಡುತ್ತಿದ್ದರು. ಎದುರುಮನೆಯ ಜೈತುನಕ್ಕನ ಮಗ ದಮ್ಮಾಮಿನಲ್ಲಿದ್ದ. “ಯಾವ್ದ ಬೇಕಾದ್ರೂ ಹಾಕವಾ, ನನ್ನ ಮಗಾ ಅಮ್ಮಿ ಅಂದದ್ದು ಕೇಳಿದ್ರ ಸಾಕು” ಎನ್ನುತ್ತಿದ್ದಳು. ಅಷ್ಟಕ್ಕೇ ಬಿಡುವುದುಂಟೆ? ಮೂರು ಆ್ಯಪ್ ಹೋಲಿಸಿ, ದರ ಹೇಳಿ, ಒಂದನ್ನು ಹಾಕಿಕೊಟ್ಟು ಕಳಿಸುತ್ತಿದ್ದೆ. ಕಡಿಮೆ ಓದಿದವಳಿಗೆ ನಾಲ್ಕು ಮಂದಿ ಬಂದು ಕೇಳಿದರೆ ತಲೆ ಹೇಗೆ ತಿರುಗುತ್ತದೆ ಎಂಬುದನ್ನು ಓದಿದವರು ತಿಳಿಯಲಾರರು.

ಒಂದು ಸಂಜೆ ಅಕ್ಕನ ರಿಂಗನ್ನು ಮನೆಯವರು ಮರೆತು ಎತ್ತಿಬಿಟ್ಟರು. “ಹಲೋ, ಯಾರ್ರೀ? ಯಾರ ಬೇಕಾಗಿತ್ರಿ?” ಎಂದು ಸಾವಕಾಶವಾಗಿ ವಿಚಾರಿಸಿದರು. ಅಕ್ಕನ ಹಣ ಅಷ್ಟೂ ಕತ್ತರಿಸಿಹೋಯಿತು. ಆ ಶುಕ್ರವಾರ, ಅವಳ ಬಿಡುವಿನ ದಿನ, ನಾನು ಹಚ್ಚಿದಾಗ ಅಪ್ಪಣೆ ಕೊಟ್ಟೆ: “ಇನ್ನ ಮ್ಯಾಲೆ ದಿನಾ ರಿಂಗ್ ಬ್ಯಾಡ. ವಾರಕ್ಕೊಮ್ಮೆ ನಾನ ಹಚ್ತೇನಲ್ಲ. ಅಷ್ಟೂ ಜರೂರ ಇದ್ರ ಎರಡ ರಿಂಗ್ ಕೊಡು, ಅದನ್ನ ಸುದ್ದಾ ನಾ ಹೇಳಿದ ಆ್ಯಪ್‌ನ್ಯಾಗ ಕೊಡು. ಸಿಮ್ ಮುಟ್ಟಬ್ಯಾಡ.”

“ಒಂದ ರಿಂಗಿಗೆ ಏನ್ ರೊಕ್ಕ ಹತ್ತತೈತಿ?” ಎಂದಳು ಅಕ್ಕ.

“ನಿನಗ ತಿಳ್ಯಾಂಗಿಲ್ಲ” ಎಂದೆ. ನನ್ನನ್ನು ಎತ್ತಿ ಆಡಿಸಲು ಶಾಲೆ ಬಿಟ್ಟವಳಿಗೆ ಹಾಗೆಂದೆ.

ಸಂಜೆಯ ರಿಂಗು ನಿಂತಿತು. ಕೆಲವು ವಾರದ ಮೇಲೆ ಒಂದು ಶುಕ್ರವಾರ ಮಾತಾಡುವಾಗ ಅಕ್ಕ ನಗುತ್ತಲೇ ಕೇಳಿದಳು: “ಅಲ್ಲವಾ, ನಾ ಹೊಳ್ಳಿ ಬಂದ್ರ ನಿನ್ನ ಮನ್ಯಾಗ ಜಾಗಾ ಐತೇನ?”

ನನಗೆ ಕೇಳಿಸಿತು. ಕೇಳಿಸಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ‘ಜಾಗಾ’ ಎಂಬಲ್ಲಿ ಧ್ವನಿ ಒಡೆಯಿತು, ನನ್ನ ಲಕ್ಷ್ಯವೆಲ್ಲ ಒಡೆದ ಧ್ವನಿಯ ಕಡೆಗೆ ಹೋಯಿತು. “ಯಕ್ಕಾ, ಇದರಾಗ ಧ್ವನಿ ಒಡ್ಯಾಕತ್ತೈತಿ. ತಡಿ, ಕಟ್ ಮಾಡಿ ಬ್ಯಾರೆದರಾಗ ಹಚ್ತೇನಿ” ಎಂದೆ. ಬೇರೆಯದು ಒಟಿಪಿ ಎಂಬ ಗುಪ್ತ ಅಂಕಿ ಕೇಳಿತು, ಅಂಕಿ ಬರಲಿಲ್ಲ, ಬಂದಾಗ ಅದರ ಹೊತ್ತು ಮೀರಿತ್ತು. ಕಡೆಗೆ ಹತ್ತಿದಾಗ ಅವಳ ಬಿಡುವಿನ ಹೊತ್ತು ಮುಗಿದು ಅಡಿಗೆಮನೆಗೆ ಹೋಗಿದ್ದಳು, ಎತ್ತಲಿಲ್ಲ. ಮುಂದಿನ ವಾರ ಕೇಳಿದರಾಯಿತು ಎಂದುಕೊಂಡೆ.

ಆ ಮುಂದಿನ ವಾರಕ್ಕೆ ಮೊದಲೇ ಒಂದು ಮಧ್ಯಾಹ್ನ ನನ್ನ ಫೋನಿಗೆ ಒಂದು ಕರೆ ಬಂತು. ಎಂದೂ ನೋಡದ ನಂಬರು, ಯಾವ ದೇಶದ್ದೋ. ಕಟ್ ಮಾಡಿದೆ. ಬೆನ್ನಿಗೇ ಮತ್ತೊಂದು, ಅದೂ ಅಂಥದೇ. ಅದನ್ನೂ ಕಟ್ ಮಾಡಿದೆ. ಅಂಥ ನಂಬರಿಗೆ ತಿರುಗಿ ಹಚ್ಚಿದರೆ ಇದ್ದ ಹಣವೆಲ್ಲ ಹೋಗುತ್ತದೆಂದು ಓಣಿಗೆಲ್ಲ ಹೇಳಿದವಳೇ ನಾನು. ಎರಡನ್ನೂ ಬ್ಲಾಕ್ ಮಾಡಿ ಜೈತುನಕ್ಕನಿಗೆ ತೋರಿಸಿದೆ.

“ಯಾರಾದ್ರೂ ನಮ್ಮವ್ರ ಇರಬಾರದೇನ?” ಎಂದಳು ಅವಳು.

“ನಮ್ಮವ್ರಾಗಿದ್ರ ಹೆಸರು ಬರ್ತಿತ್ತು, ಜೈತುನಕ್ಕ. ಇವ್ರೆಲ್ಲಾ ಮೋಸದ ಮಂದಿ. ಬಂದಾರ ನನಗ ಟೊಪಿಗಿ ಹಾಕಾಕ!” ಎಂದು ನಕ್ಕೆ.

ಆ ಶುಕ್ರವಾರ ಅಕ್ಕ ಹೆಚ್ಚು ಮಾತಾಡಲಿಲ್ಲ. “ಕೆಲಸಾ ಮತ್ತ ಎರಡ ವರ್ಷಕ್ಕ ಒಪ್ಪಿಕೊಂಡೇನವಾ” ಎಂದಳು. ನಾನು ಅಂದದ್ದು ಈಗಲೂ ನನ್ನ ಕಿವಿಯಲ್ಲಿದೆ. “ಛಲೋ ಆತು ಬಿಡು. ಅಲ್ಲಯಕ್ಕಾ, ಈ ಹೊಸಾದರಾಗ ಧ್ವನಿ ಎಷ್ಟ ಸ್ವಚ್ಛ ಬರಾಕತ್ತೈತಿ ನೋಡು!”

ಗೊತ್ತಾದದ್ದು ಬಹಳ ತಡವಾಗಿ, ಅದೂ ಅಕ್ಕನ ಬಾಯಿಂದಲೇ, ನಗೆಚಾಷ್ಟಿಯ ಮಾತಿನಲ್ಲಿ. “ನಿನ್ನ ಫೋನ್ ಒಂದೊಂದ ವಾರ ಒಂದೊಂದ ದೇಶದಿಂದ ಬರ್ತೈತಿ” ಎಂದಳು. “ಒಮ್ಮೆ ಹೆಂಗ ನಂಬರ್ ಬಂದಿರ್ತೈತೋ, ಇನ್ನೊಮ್ಮೆ ಹಂಗ ಇರಾಂಗಿಲ್ಲ. ಅದಕ್ಕ ನಾ ಯಾವ ನಂಬರ್ ಬಂದ್ರೂ ಎತ್ತತೇನಿ. ಬ್ಯಾರೆ ಯಾರಾರ ಇದ್ರ ಬೈಸ್ಕೊಂಡ ಇಡ್ತೇನಿ. ನೀನ ಇದ್ರ?”

ನೀನ ಇದ್ರ. ಅಗ್ಗದ ಆ್ಯಪ್‌ಗಳು ಕರೆಯನ್ನು ಎಲ್ಲಿಂದಲೋ ಸುತ್ತಿಸಿ ತರುತ್ತವೆ, ಕರೆಯುವವರ ನಂಬರು ಬರುವುದಿಲ್ಲ. ಹತ್ತು ಆ್ಯಪ್‌ಗಳ ದರ ಬಾಯಿಪಾಠ ಮಾಡಿದ ನನಗೆ ಇದೊಂದು ತಿಳಿದಿರಲಿಲ್ಲ. ಆ ಮಧ್ಯಾಹ್ನದ ಎರಡು ರಿಂಗು ಯಾರವು ಎಂದು ಕೇಳುವ ಅಗತ್ಯವಿರಲಿಲ್ಲ. ಅವಳು ಒಂದು ಪ್ರಶ್ನೆ ಕೇಳಿದ್ದಳು, ನಾನು ಕಟ್ ಮಾಡಿದೆ. ಎರಡು ರಿಂಗು ಕೊಟ್ಟಿದ್ದಳು, ನಾನು ಕಟ್ ಮಾಡಿದೆ. ಮಾನವುಳ್ಳ ಹೆಂಗಸು ಮೂರನೆಯ ಸಲ ಯಾಕೆ ಕೇಳಿಯಾಳು?

ಆಗಲೂ ನಾನು ಬಾಯಿ ಬಿಡಲಿಲ್ಲ. ಬದಲಿಗೆ ಆ್ಯಪ್ ಮಾಡಿದವರನ್ನು ಬೈಯಲು ಹತ್ತಿದೆ. ನಂಬರು ಬಚ್ಚಿಡುವ ಕಳ್ಳರು, ಅಕ್ಕತಂಗಿಯರ ನಡುವೆ ಹುಳಿ ಹಿಂಡಿದವರು ಎಂದು ಕೇಳುವವರಿಗೆಲ್ಲ ಹೇಳಿದೆ. ಈ ಬೈಗುಳದಲ್ಲಿ ಸುಳ್ಳಿಲ್ಲ. ಅಗ್ಗಕ್ಕೆ ಕೊಡುತ್ತೇವೆಂದವರು ಏನು ಕಿತ್ತುಕೊಳ್ಳುತ್ತೇವೆ ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಡವೇ? ಅವಳ ನಂಬರು ಬಚ್ಚಿಟ್ಟವರ ಮೇಲೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ‘ಜಾಗಾ ಐತೇನ’ ಎಂದದ್ದು ಅಕ್ಕನದೇ ಧ್ವನಿ. ಅದಕ್ಕೆ ‘ಐತಿ’ ಎನ್ನಲು ಯಾವ ಆ್ಯಪ್ ನನ್ನ ಬಾಯಿ ಕಟ್ಟಿತ್ತು?

ಇವತ್ತು ಜಾಹೀರಾತಿನ ಹುಡುಗಿಯ ಬಾಯಿ ಮುಚ್ಚಿಸಿದ ಮೇಲೆ ಒಲೆ ಆರಿಸಿದೆ. ಹಿಂದಿನ ಕೋಣೆಯ ಹಿಟ್ಟಿನ ಚೀಲಗಳನ್ನು ಒಂದೊಂದಾಗಿ ಪಡಸಾಲೆಗೆ ಎಳೆದುಹಾಕಿದೆ. ಮನೆಯವರು ಬಂದು ಬಾಗಿಲಲ್ಲಿ ನಿಂತರು. “ಮಂದಿ ಕೂಡೂದೆಲ್ಲಿ ಇನ್ನ?” ಎಂದರು. “ಚೀಲದ ಮ್ಯಾಲ ಕುಂತ್ಕೋತಾರ, ನೀವ ಒಂದ ಕೈ ಹಚ್ರಿ” ಎಂದೆ. ನನ್ನ ಮುಖ ನೋಡಿದರು, ಕೊನೆಯ ಎರಡು ಚೀಲ ತಾವೇ ಹೊತ್ತರು. ಕೋಣೆ ಗುಡಿಸಿದೆ. ಚಾಪೆಯ ಜಾಗದಲ್ಲಿ ಮಂಚ ಹಿಡಿಯುತ್ತದೆಯೇ ಎಂದು ಅಳೆದು ನೋಡಿದೆ. ಹುಬ್ಬು ಮುಟ್ಟಿಕೊಂಡರೆ ಕೈಗೆ ಹಿಟ್ಟು ಹತ್ತಿತು.

ಆಮೇಲೆ ಯಾವ ಆ್ಯಪನ್ನೂ ತೆಗೆಯದೆ, ಫೋನಿನ ಗುಂಡಿಗಳನ್ನೇ ಒತ್ತಿ ಅಕ್ಕನ ನಂಬರಿಗೆ ಹಚ್ಚಿದೆ. ಸೀದಾ ಕರೆ, ಬಲು ತುಟ್ಟಿ. ನಮ್ಮ ಮನೆಗಳಲ್ಲಿ ಪರದೇಶಕ್ಕೆ ಹಾಗೆ ಹಚ್ಚುವುದು ಸಾವಿನ ಸುದ್ದಿ ಹೇಳಲು ಮಾತ್ರ. ಅಕ್ಕ ಹಲೋ ಅನ್ನಲಿಲ್ಲ.

“ಯಾರ ಹ್ವಾದ್ರವಾ?” ಎಂದಳು.

“ಯಾರೂ ಹೋಗಿಲ್ಲ. ಎಲ್ಲಾರೂ ಆರಾಮ.”

“ಮತ್ತ ಇದರಾಗ ಯಾಕ ಹಚ್ಚೀದಿ? ರೊಕ್ಕ ಹೆಚ್ಚಾಗ್ಯಾವೇನ? ಕಟ್ ಮಾಡು, ಕಟ್ ಮಾಡು, ಆ್ಯಪ್‌ನ್ಯಾಗ ಬಾ.”

“ಮಾಡಾಂಗಿಲ್ಲ. ಯಕ್ಕಾ, ನೀ ಒಮ್ಮೆ ಕೇಳಿದ್ದಿ, ಮನ್ಯಾಗ ಜಾಗಾ ಐತೇನ ಅಂತ.”

“ಅಯ್ಯ, ಅದ್ಯಾವಾಗಿಂದೋ. ಚಾಷ್ಟಿ ಮಾಡಿದ್ದೆ ಬಿಡು.”

“ಆಮ್ಯಾಲೆ ಎರಡ ರಿಂಗ್ ಕೊಟ್ಟಿದ್ದಿ.”

ಆ ಕಡೆ ಪಾತ್ರೆಯಲ್ಲಿ ತಿರುಗುತ್ತಿದ್ದ ಸೌಟಿನ ಸಪ್ಪಳ ನಿಂತಿತು. ಪಕ್ಕದ ಕೋಣೆಯಲ್ಲಿದ್ದಷ್ಟು ಸ್ಪಷ್ಟವಾಗಿ ಅವಳ ಉಸಿರು ಕೇಳುತ್ತಿತ್ತು. ಈ ಸಲ ನಾನು ‘ಕೇಳಾಕತ್ತೈತೇನ’ ಅನ್ನಲಿಲ್ಲ.

“ಕಟ್ ಮಾಡಿದಾಕಿ ನಾನ ಯಕ್ಕಾ. ನೀ ಅಂತ ಗೊತ್ತಾಗ್ಲಿಲ್ಲ, ಮೋಸದವ್ರು ಅಂತ ತಿಳದೆ. ಗೊತ್ತಾದ ಮ್ಯಾಲೂ ಬಾಯಿ ಮುಚಗೊಂಡ ಕುಂತೆ, ನಿನ್ನ ಮುಂದ ಸಣ್ಣಾಕಿ ಆಗತೇನಿ ಅಂತ. ಹಿಂದಿನ ಕೋಣಿ ಖಾಲಿ ಮಾಡೇನಿ. ಇನ್ನ ಹಿಟ್ಟಿನ ಚೀಲಾ ಅಲ್ಲಿ ಇಡಾಂಗಿಲ್ಲ. ನೀ ಯಾವಾಗ ಬಂದ್ರೂ ಅದು ನಿಂದ. ಕೇಳಿದಾಗ ಹೇಳಬೇಕಾಗಿತ್ತು, ಹೇಳ್ಲಿಲ್ಲ. ತಪ್ಪಾತಯಕ್ಕಾ. ನಂದ ತಪ್ಪು.”