ಅಕ್ಕನಿಗೆ ಹಾಡಿ ಅತ್ತವರು

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಹುಣಸೂರಿನ ನಮ್ಮ ಮನೆಯಲ್ಲಿ ಮಕ್ಕಳಿಗೆ ಸಂಗೀತದ ಜಂಟಿ ವರಸೆ ಹೇಳಿಕೊಡುತ್ತಿದ್ದೆ. ಫೋನ್ ಮಾಡಿದವಳು ಅಕ್ಕನ ಮಗಳು. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಲು ಹೋದ ಅಕ್ಕ ಕೊಟ್ಟಿಗೆಯಲ್ಲೇ ಕುಸಿದಳಂತೆ, ಕೆ.ಆರ್. ನಗರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತಂತೆ. ನಾನು ಫೋನ್ ಇಟ್ಟು ಆ ವರಸೆಯನ್ನು ಕೊನೆಯವರೆಗೂ ಹಾಡಿಸಿದೆ. ಆಮೇಲೆ ಶ್ರುತಿಪೆಟ್ಟಿಗೆ ಆರಿಸಿ, ಇವತ್ತಿಗೆ ಸಾಕು, ಮನೆಗೆ ಹೋಗಿ ಅಂದೆ. ಮಕ್ಕಳಿಗೆ ಏನೂ ಗೊತ್ತಾಗಲಿಲ್ಲ. ಬೀಗ ಹಾಕಿದ ಮೇಲೆ, ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಅಂತ ಮತ್ತೆ ಒಳಗೆ ಹೋಗಿ ನೋಡಿದ್ದು ನೆನಪಿದೆ.

ಅಕ್ಕ ಹಾಡುವವಳಲ್ಲ. ಆದರೆ ಚಿಕ್ಕಂದಿನಲ್ಲಿ ನನ್ನನ್ನು ಸಂಗೀತದ ಪಾಠಕ್ಕೆ ಕರೆದುಕೊಂಡು ಹೋಗುತ್ತಿದ್ದವಳು ಅವಳೇ. ಒಳಗೆ ನಾನು ಹಾಡುತ್ತಿದ್ದರೆ ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು ಯಾರದೋ ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ವಾಪಸ್ ಬರುವಾಗ ಆವತ್ತಿನ ಪಾಠದ ಸಾಲನ್ನು ಬೇಕಂತಲೇ ಅಪಶ್ರುತಿಯಲ್ಲಿ ಹೇಳಿ ನನ್ನನ್ನು ರೇಗಿಸುತ್ತಿದ್ದಳು. ಮದುವೆಯಾಗಿ ಕೆ.ಆರ್. ನಗರದ ಹತ್ತಿರದ ಹಳ್ಳಿ ಸೇರಿದ ಮೇಲೆ ನಾಲೆ ಬಯಲಿನ ಗದ್ದೆ, ಹಸು, ಗಂಡ, ಅತ್ತೆ, ಒಬ್ಬಳೇ ಮಗಳು, ಇಷ್ಟರಲ್ಲೇ ಅವಳ ದಿನ ತುಂಬಿಹೋಗುತ್ತಿತ್ತು. ನಾನು ಹುಣಸೂರಿನ ಒಂದು ಶಾಲೆಯಲ್ಲಿ ಸಂಗೀತದ ಟೀಚರಾದೆ, ಮನೆಯಲ್ಲೂ ಪಾಠ ಹೇಳುತ್ತಿದ್ದೆ.

ನಾನು ಹೋಗುವ ಹೊತ್ತಿಗೆ ಅಕ್ಕನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಸುತ್ತ ಹೆಂಗಸರು ಕೂತಿದ್ದರು. ತಲೆಯ ಹತ್ತಿರ ಅಕ್ಕನ ಅತ್ತೆ. ಎಪ್ಪತ್ತು ದಾಟಿದ ಹೆಂಗಸು, ಆದರೆ ಗಂಟಲು ಇನ್ನೂ ಗಟ್ಟಿ. ಸುತ್ತಿನ ಊರುಗಳಲ್ಲಿ ಮದುವೆಗೆ ಸೋಬಾನೆ ಹೇಳುವವರು ಅವರೇ, ಸಾವಾದರೆ ಹಾಡಿಕೊಂಡು ಅಳುವವರೂ ಅವರೇ. ನನ್ನನ್ನು ಕಂಡದ್ದೇ ಸೊಲ್ಲು ನನ್ನ ಕಡೆ ತಿರುಗಿತು.

"ತಂಗಿ ಬಂದವ್ಳೆ ಏಳವ್ವಾ, ನನ್ ಮಗಳೇ, ಒಲೆ ಮ್ಯಾಲೆ ಎಸರಿಟ್ಟು ಎಲ್ಲಿಗೋದೆ ನನ್ನವ್ವಾ..."

ಅಂಥ ಹೊತ್ತಿನಲ್ಲಿ ಒಡಹುಟ್ಟಿದವಳು ಓಡಿ ಹೋಗಿ ಮೇಲೆ ಬಿದ್ದು ಅಳಬೇಕು. ಹೆಂಗಸರು ಅವಳ ಕುತ್ತಿಗೆ ತಬ್ಬಿ, ತಮ್ಮ ಮನೆಯ ಸಾವುಗಳನ್ನೂ ಸೇರಿಸಿಕೊಂಡು ಜೊತೆಗೆ ಹಾಡಿ ಅಳುತ್ತಾರೆ. ಎಲ್ಲರೂ ಜಾಗ ಬಿಟ್ಟುಕೊಟ್ಟರು. ನಾನು ಹೋಗಿ ಅಕ್ಕನ ಕಾಲ ಹತ್ತಿರ ಕೂತೆ, ಅಷ್ಟೇ. ಅತ್ತೆಯ ಸೊಲ್ಲು ಪಂಚಮದಲ್ಲಿ ಎದ್ದು ಷಡ್ಜಕ್ಕೆ ಜಾರುತ್ತಿತ್ತು, ಬಿಕ್ಕಿದಾಗ ತುಂಡಾಗಿ ಮತ್ತೆ ಅಲ್ಲಿಂದಲೇ ಏಳುತ್ತಿತ್ತು. ಗಾಂಧಾರ ನಾವು ಕಲಿಸುವುದಕ್ಕಿಂತ ಒಂದೆಳೆ ಕೆಳಗಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದು. ಅಕ್ಕನ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದ ದಾರವನ್ನು ನೋಡುತ್ತಾ ನಾನು ಸ್ವರ ಗುರುತಿಸುತ್ತಿದ್ದೆ.

ಮಧ್ಯಾಹ್ನ ಗದ್ದೆಯ ಅಂಚಿನಲ್ಲಿ ಮಣ್ಣು ಮಾಡಿದರು. ವಾಪಸ್ ಬಂದು ಸ್ನಾನ ಮಾಡುವಾಗ ಬಚ್ಚಲ ಆಚೆ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ಇಷ್ಟು ಸಂಗೀತ ಕಲಿತವಳು ಒಂದು ಹನಿ ಕಣ್ಣೀರು ಹಾಕಲಿಲ್ಲವಲ್ಲ, ಅಂತ. ಅಕ್ಕನ ಅತ್ತೆ ಅಲ್ಲೇ ಇದ್ದರು. "ಕೆಲವ್ರಿಗೆ ಎದೆ ಕಟ್ಕತದೆ ಕಣ್ರವ್ವ. ಬುಡಿ ಅವಳ ಪಾಡಿಗೆ ಅವಳ್ನ," ಅಂದರು. ಅದನ್ನು ಕೇಳಿಯೂ ನನಗೆ ಸಮಾಧಾನವಾಗಲಿಲ್ಲ, ಬೇಜಾರೂ ಆಗಲಿಲ್ಲ. ನೀರು ತಣ್ಣಗಾಗಿತ್ತು, ಹುಯ್ದುಕೊಂಡೆ.

ಆಮೇಲಿನ ತಿಂಗಳುಗಳು ಹಾಗೇ ಕಳೆದವು. ಪಾಠ ತಪ್ಪಿಸಲಿಲ್ಲ. ಗಂಟಲಿಗೆ ಏನೂ ಆಗಿರಲಿಲ್ಲ, ಸ್ವರ ಹೇಗೆ ಬೇಕೋ ಹಾಗೆ ಬರುತ್ತಿತ್ತು. ಹಾಡು ಮುಗಿದ ಮೇಲೆ ಯಾವ ರಾಗ ಹಾಡಿದೆ ಅನ್ನುವುದು ಮಾತ್ರ ಕೆಲವು ಸಲ ನೆನಪಿರುತ್ತಿರಲಿಲ್ಲ.

ಆ ವರ್ಷ ಶಾಲೆಯ ಮಕ್ಕಳನ್ನು ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಗೆ ಕರೆದುಕೊಂಡು ಹೋದೆವು. ಟಿಬೆಟಿನವರ ದೇವಸ್ಥಾನದಲ್ಲಿ ಲಾಮಾಗಳು ಸಾಲಾಗಿ ಕೂತು ಮಂತ್ರ ಹೇಳುತ್ತಿದ್ದರು. ಆ ದನಿ ನಮ್ಮ ಮಂದ್ರ ಸ್ಥಾಯಿಗಿಂತಲೂ ಕೆಳಗಿನದು. ಕೇಳುವುದಕ್ಕಿಂತ ಕೂತ ನೆಲದಿಂದ ಮೈಗೆ ಹತ್ತುವಂತಿತ್ತು. ಮಕ್ಕಳು ಮೊದಲು ನಕ್ಕರು, ಆಮೇಲೆ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದರು. ಹೊರಗೆ ಬಂದಾಗ ಕನ್ನಡ ಬಲ್ಲ ಒಬ್ಬ ವಯಸ್ಸಾದ ಲಾಮಾ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಒಳಗೆ ಹಾಡಿದ್ದು ಯಾವ ದೇವರ ಮೇಲೆ ಅಂತ ಕೇಳಿದೆ. ಇವತ್ತಿನದು ದೇವರಿಗಲ್ಲ, ಮೊನ್ನೆ ತೀರಿಕೊಂಡ ಒಬ್ಬ ಅಜ್ಜಿಗೆ ಅಂದರು. ಸತ್ತವರಿಗೆ ಸ್ವಲ್ಪ ದಿನ ಕಿವಿ ಕೇಳುತ್ತಿರುತ್ತದಂತೆ. ಮುಂದಿನ ದಾರಿ ತಪ್ಪದ ಹಾಗೆ ಅವರಿಗೆ ಹೇಳುತ್ತಾ ಹೋಗಬೇಕಂತೆ.

"ಮನೆಯವರು ಅಳಲ್ವಾ?" ಅಂದೆ.

"ಅಳ್ತಾರೆ. ಜೋರಾಗಿ ಬೇಡ ಅಂತ ಹೇಳ್ತೀವಿ. ಕೇಳಿಸಿಕೊಂಡ್ರೆ ಅವರು ಹೋಗಲ್ಲ, ಇಲ್ಲೇ ನಿಲ್ತಾರೆ."

ಬಸ್ಸಿನಲ್ಲಿ ಮಕ್ಕಳು ಆ ದನಿಯನ್ನು ಅಣಕಿಸುತ್ತಾ ಬಂದರು. ನಾನು ಬೇಡ ಅನ್ನಲಿಲ್ಲ.

ಅಕ್ಕನ ಮಗಳ ಮದುವೆ ಅಕ್ಕ ಇರುವಾಗಲೇ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಎಚ್.ಡಿ. ಕೋಟೆ ಆಚೆಯ ಅಂತರಸಂತೆಯವರು. ವರ್ಷ ತುಂಬುವುದರೊಳಗೆ ಮಾಡಿ ಮುಗಿಸಬೇಕು ಅಂತ ಹಿರಿಯರು ಹೇಳಿದ್ದರಿಂದ ಚಪ್ಪರ ಹಾಕಿದರು. ಹಿಂದಿನ ದಿನವೇ ನಾನು ಹೋದೆ. ಅಕ್ಕನ ಅತ್ತೆಯ ಜೊತೆ ಅವರೆಕಾಯಿ ಬಿಡಿಸುತ್ತಾ ಬೈಲಕುಪ್ಪೆಯಲ್ಲಿ ಕೇಳಿದ್ದನ್ನು ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು.

"ಅವರ ಕಡೆ ಸತ್ತೋರು ದೂರ ಓಗ್ತಾರೇನೋ ಕಣವ್ವ. ನಿಮ್ಮಕ್ಕ ಎಲ್ಲಿಗೋಗ್ತಾಳೆ, ಇಲ್ಲೇ ಗದ್ದೆತಾವ ಅವ್ಳೆ. ಕೂಗ್ದೇ ಇದ್ರೆ ಬೇಜಾರ್ ಮಾಡ್ಕತಾಳೆ," ಅಂದರು.

ಮಾರನೆಯ ಬೆಳಿಗ್ಗೆ ಹುಡುಗಿಗೆ ಅರಿಸಿನ ಹಚ್ಚಲು ಕೂರಿಸಿದರು. ಅತ್ತೆ ಸೋಬಾನೆ ಶುರು ಮಾಡಿದರು. ಒಂದು ಸಾಲು ಅವರು ಎತ್ತಿಕೊಟ್ಟರೆ ಹೆಂಗಸರು ಅದನ್ನೇ ತಿರುಗಿ ಹಾಡುವುದು. ಹಡೆದವ್ವ ಅರಿಸಿನ ಹಚ್ಚುವ ಸಾಲು ಬಂತು. ಅತ್ತೆ ಬಾಯಿ ತೆರೆದರು, ದನಿ ಹೊರಡಲಿಲ್ಲ. ಇನ್ನೊಮ್ಮೆ ನೋಡಿದರು. ಆಗಲಿಲ್ಲ. ಹೆಂಗಸರು ಕಾದರು. ಹುಡುಗಿ ತಲೆ ಬಗ್ಗಿಸಿದಳು. ಅತ್ತೆ ನನ್ನ ಮಂಡಿ ಹಿಡಿದು, ನೀನು ಎತ್ತು ಅಂದರು. ನನಗೆ ಪದ ಬರಲ್ಲ ಅಂದೆ. ನಾನು ಹೇಳುತ್ತೀನಿ ಅಂತ ಕಿವಿಯ ಹತ್ತಿರ ಬಾಯಿ ತಂದರು.

ಅವರು ಪಿಸುಗುಟ್ಟಿದ ಸಾಲುಗಳನ್ನು ಒಂದೊಂದಾಗಿ ಹಾಡಿದೆ. ಶ್ರುತಿ ಇಲ್ಲ, ತಾಳ ಇಲ್ಲ, ಹೆಂಗಸರ ದನಿ ಎಲ್ಲಿತ್ತೋ ಅಲ್ಲಿಗೆ ನನ್ನದನ್ನು ಇಳಿಸಿಕೊಂಡೆ. ಹುಡುಗಿ ಅತ್ತಳು. ಅರಿಸಿನ ಹಚ್ಚುತ್ತಿದ್ದವರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನ ದನಿ ಎಲ್ಲೂ ಅಲುಗಲಿಲ್ಲ. ಅಲುಗಬಹುದು ಅಂತ ಒಳಗೇ ಕಾಯುತ್ತಿದ್ದೆ, ಪದ ಮುಗಿಯಿತು. ಹುಡುಗಿ ಎದ್ದು ಬಂದು, "ಚಿಕ್ಕವ್ವ, ಅಮ್ಮಂಗೆ ಕೇಳ್ಸಿರ್ತದಾ?" ಅಂದಳು. ಕೇಳಿಸಿರುತ್ತದೆ ಅಂದೆ. ಅವಳ ಕೈಯ ಅರಿಸಿನ ನನ್ನ ರವಿಕೆಗೆ ಹತ್ತಿತು.

ಮದುವೆ ಚೆನ್ನಾಗೇ ಆಯಿತು. ಹುಡುಗಿಯನ್ನು ಕಳಿಸಿಕೊಟ್ಟ ಮೇಲೆ, ಚಪ್ಪರದ ಕೆಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿರುವಾಗ, ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, ನಾಳೆ ನಾನು ಹೋದರೆ ನೀನೇ ಹಾಡಬೇಕು ಅಂದರು. ಸೋಬಾನೆ ಅಲ್ಲ, ಇನ್ನೊಂದು. ಅದು ನನಗೆ ಬರುವುದಿಲ್ಲ ಅಂದೆ.

"ಬರ್ದೇ ಇದ್ರೆ ಬುಡು. ಬಂದು ಕೂತ್ಕೊ, ಆವತ್ತು ಕೂತಿದ್ಯಲ್ಲ ಅಂಗೆ," ಅಂದರು.

ಈಗ ತಿಂಗಳಿಗೊಮ್ಮೆ ಹುಣಸೂರಿನಿಂದ ಬಸ್ಸು ಹತ್ತಿ ಆ ಮನೆಗೆ ಹೋಗುತ್ತೇನೆ. ಅತ್ತೆ ಪದ ಹೇಳುತ್ತಾರೆ, ನಾನು ಕೇಳುತ್ತೇನೆ. ಬೇಸರವಾದರೆ ಗದ್ದೆಯ ಕಡೆ ಹೋಗುತ್ತೇವೆ. ಅಕ್ಕನನ್ನು ಇಟ್ಟ ಜಾಗದಲ್ಲಿ ಅತ್ತೆ ನಿಂತು, ಯಾರು ಬಂದಿದ್ದಾರೆ, ಹಸು ಕರು ಹಾಕಿತಾ, ಮಗಳು ಹೇಗಿದ್ದಾಳೆ, ಎಲ್ಲ ದನಿ ಎತ್ತಿ ಹೇಳುತ್ತಾರೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಕಣ್ಣೀರು ಇನ್ನೂ ಬಂದಿಲ್ಲ. ಸಂಜೆಯ ಬಸ್ಸಿಗೆ ವಾಪಸ್ ಬಂದು ಬಿಡುತ್ತೇನೆ.